ತಾಯಿಗೆ ಸೈಕೋಸಿಸ್: ಮಗುವಿಗೆ ಬರುವುದೆಷ್ಟು, ನಾವು ತರುವುದೆಷ್ಟು?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದ ಪ್ರಶ್ನೋತ್ತರಕ್ಕೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿರುತ್ತದೆ. ‘ಹುಡುಗಿಯ ತಾಯಿಗೆ ಸ್ಕಿಜೋಫ್ರೇನಿಯಾ ಇದೆಯಂತೆ, ಸಂಬಂಧ ಬೆಳೆಸಬಹುದೇ?’ ಎಂಬುದು ಒಂದು. ‘ಸೊಸೆಗೆ ಮೂರು ತಿಂಗಳು, ಮಗುವಿಗೂ ಬಂದೀತೆಂದು ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದೇವೆ, ಸರಿ ತಾನೇ?’ ಎಂಬುದು ಇನ್ನೊಂದು. ‘ತಜ್ಞ ವೈದ್ಯರನ್ನು ಕಾಣಿ’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ತಪ್ಪಲ್ಲ, ಆದರೆ ಸಾಲದು. ಇಲ್ಲದ ದನಿ ಕೇಳುವುದು, ಇಲ್ಲದ್ದನ್ನು ಬಲವಾಗಿ ನಂಬುವುದು, ಹೀಗೆ ವಾಸ್ತವದ ಅರಿವು ತಪ್ಪುವ ಸ್ಥಿತಿಯೇ ಸೈಕೋಸಿಸ್. ಸ್ಕಿಜೋಫ್ರೇನಿಯಾ ಅದು ಕಾಣಿಸಿಕೊಳ್ಳುವ, ದೀರ್ಘಕಾಲ ಕಾಡುವ ಕಾಯಿಲೆ. ಇಂಥ ಕುಟುಂಬಗಳ ನಡುವೆಯೇ ಕೆಲಸ ಮಾಡುವ ನಮಗೆ ಕಾಣುವುದು ಇಷ್ಟು: ಮಗುವಿಗೆ ಕಾಯಿಲೆ ಬಂದೀತೆಂಬ ಹೆದರಿಕೆಯಲ್ಲಿ ಮನೆಯವರು ಮಾಡುವ ಕೆಲಸ ಎರಡು. ತಾಯಿಯ ಮಾತ್ರೆ ನಿಲ್ಲಿಸುವುದು, ಮಗುವನ್ನು ತಾಯಿಯಿಂದ ದೂರ ಮಾಡುವುದು. ಎರಡನೆಯದು ಆ ಅಪಾಯವನ್ನು ತೊಳೆದುಹಾಕುವುದಿಲ್ಲ. ಮೊದಲನೆಯದು ಅದನ್ನು ಇನ್ನಷ್ಟು ಏರಿಸಬಹುದು.

ಮೊದಲು ಲೆಕ್ಕ ನೋಡೋಣ. ಡೆನ್ಮಾರ್ಕಿನಲ್ಲಿ ಪ್ರತಿಯೊಬ್ಬ ನಾಗರಿಕನ ಆಸ್ಪತ್ರೆ ದಾಖಲೆಯೂ ಸರ್ಕಾರದ ಬಳಿ ಇರುತ್ತದೆ. ಅದನ್ನಿಟ್ಟುಕೊಂಡು ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂದೆ-ತಾಯಿ ಇಬ್ಬರಿಗೂ ಸ್ಕಿಜೋಫ್ರೇನಿಯಾ ಇಲ್ಲದಿದ್ದರೆ ಮಕ್ಕಳಲ್ಲಿ ಅದು ಶೇ 0.86 ಮಂದಿಗೆ ಬಂತು. ಇಬ್ಬರಲ್ಲಿ ಒಬ್ಬರಿಗೆ ಇದ್ದರೆ ಶೇ 7, ಇಬ್ಬರಿಗೂ ಇದ್ದರೆ ಶೇ 27. ಅದೇ ದೇಶದ ಕೋಪನ್‌ಹೇಗನ್ನಿನಲ್ಲಿ 1962ರಿಂದ, ತೀವ್ರ ಸ್ಕಿಜೋಫ್ರೇನಿಯಾ ಇದ್ದ ತಾಯಂದಿರ 207 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದಾಗ ಸಿಕ್ಕಿದ್ದು ಶೇ 16ರ ಆಸುಪಾಸು. ಅಂದರೆ ನೂರರಲ್ಲಿ ಏಳರಿಂದ ಹದಿನಾರು. ಮಿಕ್ಕ ಎಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಅದು ಬರುವುದಿಲ್ಲ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಹೆಣ್ಣು ನೋಡಲು ಹೋದ ಕಡೆ ಈ ಕಾಯಿಲೆಗೂ ಅನ್ವಯಿಸುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಹಾಗೆಂದು ನಿಶ್ಚಿಂತೆಯಾಗಿ ಇರುವ ಹಾಗೂ ಇಲ್ಲ. ಸ್ಕಿಜೋಫ್ರೇನಿಯಾ ಒಂದನ್ನೇ ನೋಡದೆ, ಬೈಪೋಲಾರ್ (ಅತಿ ಉತ್ಸಾಹವೂ ಅತಿ ಕುಗ್ಗುವಿಕೆಯೂ ಸರದಿಯಲ್ಲಿ ಬರುವ ಕಾಯಿಲೆ), ತೀವ್ರ ಖಿನ್ನತೆಗಳನ್ನೂ ಸೇರಿಸಿ ಎಣಿಸಿದರೆ ಚಿತ್ರ ಬೇರೆ. ತಂದೆ ಅಥವಾ ತಾಯಿಗೆ ಈ ಮೂರರಲ್ಲಿ ಒಂದು ಇದ್ದರೆ, ಮಕ್ಕಳಲ್ಲಿ ಮೂವರಿಗೊಬ್ಬರು ದೊಡ್ಡವರಾಗುವಷ್ಟರಲ್ಲಿ ಇಂಥದೊಂದು ತೀವ್ರ ಕಾಯಿಲೆಗೆ ಒಳಗಾಗುತ್ತಾರೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ ಹೇಳುತ್ತದೆ. ಡೆನ್ಮಾರ್ಕಿನಲ್ಲೇ ಏಳು ವರ್ಷದ 522 ಮಕ್ಕಳನ್ನು ಪರೀಕ್ಷಿಸಿದಾಗ, ಸ್ಕಿಜೋಫ್ರೇನಿಯಾ ಇದ್ದವರ ಮಕ್ಕಳಲ್ಲಿ ಆ ವಯಸ್ಸಿಗೇ ಆತಂಕ, ಗಮನ ನಿಲ್ಲದಿರುವುದು, ಓಟ-ಆಟದಲ್ಲಿ ಹಿಂದೆ ಬೀಳುವುದು ಹೆಚ್ಚಾಗಿ ಕಂಡಿತು. ಸ್ಕಿಜೋಫ್ರೇನಿಯಾ ಬಂತೋ ಎಂದು ಹದಿನೆಂಟರವರೆಗೆ ಕಾಯುತ್ತ ಕೂತವರಿಗೆ ಏಳನೇ ವಯಸ್ಸಿನಲ್ಲಿ ಕಣ್ಣೆದುರಿಗಿರುವುದೇ ಕಾಣುವುದಿಲ್ಲ.

ರಕ್ತ ಪರೀಕ್ಷೆ ಮಾಡಿ ಮಗುವಿಗೆ ಬರುತ್ತದೆಯೋ ಇಲ್ಲವೋ ಹೇಳಬಹುದೇ ಎಂದು ಕೇಳುವವರಿದ್ದಾರೆ. ಹಾಗೆ ಹೇಳುವ ಪರೀಕ್ಷೆ ಇಲ್ಲ. ಇದೆ ಎಂದು ಹಣ ಕೇಳಿದರೆ ಕೊಡಬೇಡಿ. ಕಾಯಿಲೆ ಅಪ್ಪನಿಗಿದ್ದರೂ ವಂಶವಾಹಿಯ ಲೆಕ್ಕ ಹೆಚ್ಚೂಕಡಿಮೆ ಇದೇ, ಆದರೂ ‘ಹುಚ್ಚಿಯ ಮಗ’ ಎಂಬ ಬೈಗುಳ ಮಾತ್ರ ಅಮ್ಮನ ಹೆಸರಿನಲ್ಲೇ ಚಾಲ್ತಿಯಲ್ಲಿದೆ. ಇನ್ನೊಂದು ಮಾತು, ಹಳೇ ಮೈಸೂರು ಕಡೆಯವರಿಗೂ ಉತ್ತರ ಕರ್ನಾಟಕದವರಿಗೂ. ‘ನಮ್ಮವನೇ ಆದರೆ ನೋಡಿಕೊಳ್ಳುತ್ತಾನೆ’ ಎಂದು ಕಾಯಿಲೆ ಇರುವ ಹುಡುಗಿಯನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುತ್ತಾರೆ. ಕಾಯಿಲೆ ಅದೇ ವಂಶದಲ್ಲಿ ಹರಿದು ಬಂದಿದ್ದರೆ ಮಗುವಿನ ಪಾಲು ಎರಡೂ ಕಡೆಯಿಂದ ಬರುತ್ತದೆ. ನೋಡಿಕೊಳ್ಳುವ ಗಂಡ ಬೇಕು ನಿಜ, ಅದಕ್ಕೆ ರಕ್ತಸಂಬಂಧವೇ ಆಗಬೇಕಿಲ್ಲ.

ಇನ್ನು ಮಗುವನ್ನು ದೂರ ಮಾಡುವ ವಿಷಯ. ಅಮೆರಿಕದ ಆರೆಗಾನ್ ರಾಜ್ಯದ ಮಾನಸಿಕ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಮೂರೇ ದಿನಗಳಲ್ಲಿ ತಾಯಿಯಿಂದ ಬೇರೆಯಾಗಿ, ಬೇರೆಯವರ ಕೈಯಲ್ಲಿ ಬೆಳೆದ 47 ಮಕ್ಕಳನ್ನು ಲಿಯೊನಾರ್ಡ್ ಹೆಸ್ಟನ್ ಎಂಬ ವೈದ್ಯರು, ಆ ಮಕ್ಕಳು ದೊಡ್ಡವರಾದ ಮೇಲೆ, ಹುಡುಕಿ ನೋಡಿದರು. ಅವರ ವರದಿ ಬಂದದ್ದು 1966ರಲ್ಲಿ. 47ರಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ ಇತ್ತು. ಹಾಗೆಯೇ ಬೇರೆಡೆ ಬೆಳೆದ, ಆದರೆ ತಾಯಿಗೆ ಕಾಯಿಲೆ ಇಲ್ಲದ 50 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ. ಬೇರೆ ಮಾಡಿದ್ದರಿಂದ ವಂಶವಾಹಿ ಬದಲಾಗಲಿಲ್ಲ. ಆಮೇಲೆ ಫಿನ್ಲೆಂಡಿನಲ್ಲಿ ಪೆಕ್ಕಾ ತಿಯೆನಾರಿ ಮತ್ತು ಸಂಗಡಿಗರು ಇಂಥದೇ ದತ್ತುಮಕ್ಕಳನ್ನು ನೋಡುತ್ತ, ಸಾಕಿದ ಮನೆಗಳನ್ನೂ ಅಳೆದರು. ಜಗಳ, ಟೀಕೆ, ಗೊಂದಲ ತುಂಬಿದ ಮನೆಯಲ್ಲಿ ಬೆಳೆದ ಅಪಾಯದ ಮಕ್ಕಳಿಗೇ ಹೆಚ್ಚು ಕಾಯಿಲೆ ಬಂದಿತ್ತು. ಅದೇ ಅಪಾಯ ಹೊತ್ತು ಹುಟ್ಟಿದರೂ ನೆಮ್ಮದಿಯ ಮನೆಯಲ್ಲಿ ಬೆಳೆದವರಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಮಗು ಯಾರ ಮಡಿಲಲ್ಲಿದೆ ಎಂಬುದಕ್ಕಿಂತ ಆ ಮನೆ ಹೇಗಿದೆ ಎಂದು ಕೇಳುವುದು ಮೇಲು. ತಾಯಿ ಚಿಕಿತ್ಸೆಯಲ್ಲಿದ್ದು, ಜೊತೆಗೆ ಇನ್ನೊಬ್ಬ ದೊಡ್ಡವರಿದ್ದರೆ ಅವಳ ಮನೆಯೂ ನೆಮ್ಮದಿಯ ಮನೆಯೇ.

ಮಾತ್ರೆ ನಿಲ್ಲಿಸಿದರೆ ಆಗುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಏಕಾಏಕಿ ನಿಲ್ಲಿಸಿದ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಹಲವರಲ್ಲಿ ಕಾಯಿಲೆ ಮರುಕಳಿಸುತ್ತದೆ. ಗರ್ಭಿಣಿ ನಿದ್ದೆ ಬಿಡುತ್ತಾಳೆ, ಊಟ ಬಿಡುತ್ತಾಳೆ, ಕಬ್ಬಿಣದ ಮಾತ್ರೆಯಲ್ಲಿ ವಿಷ ಬೆರೆಸಿದ್ದಾರೆ ಎನ್ನುತ್ತಾಳೆ, ಸ್ಕ್ಯಾನಿಂಗ್ ಕೋಣೆಗೆ ಕಾಲಿಡುವುದಿಲ್ಲ. ರಕ್ತಹೀನತೆ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು ಎಲ್ಲವೂ ಇದರ ಬೆನ್ನಿಗೇ ಬರುತ್ತವೆ. ಹೆರಿಗೆ ಸಮಯದ ತೊಡಕುಗಳು ಮಗುವಿಗೆ ಮುಂದೆ ಈ ಕಾಯಿಲೆ ಬರುವ ಸಾಧ್ಯತೆಯನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದು. ಹೆದರಿದ್ದು ಯಾವುದಕ್ಕೋ ಅದಕ್ಕೇ ದಾರಿ ಮಾಡಿಕೊಟ್ಟಂತಾಯಿತು.

ಒಂದು ಮಾತ್ರೆಯ ವಿಷಯದಲ್ಲಂತೂ ಹೆದರಿಕೆ ನ್ಯಾಯವಾದದ್ದು: ಸೋಡಿಯಂ ವ್ಯಾಲ್ಪ್ರೋಯೇಟ್. ಬೈಪೋಲಾರ್‌ಗೂ ಫಿಟ್ಸ್‌ಗೂ ಕೊಡುವ ಇದನ್ನು ಗರ್ಭಿಣಿ ತೆಗೆದುಕೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟು ದೋಷ, ನೂರರಲ್ಲಿ ಮೂವತ್ತು-ನಲವತ್ತು ಮಕ್ಕಳಿಗೆ ಬೆಳವಣಿಗೆಯ, ಕಲಿಕೆಯ ತೊಂದರೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ‘ಮೂರನೇ ತಿಂಗಳಲ್ಲಿ ತೋರಿಸೋಣ’ ಎನ್ನುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಅದಕ್ಕೇ ಮಾತ್ರೆ ಬದಲಿಸುವ ಮಾತು ಮದುವೆ ನಿಶ್ಚಯವಾದಾಗಲೇ ಆಗಬೇಕು, ಫೋಲಿಕ್ ಆಸಿಡ್ ಆಗಲೇ ಶುರುವಾಗಬೇಕು. ಗೊತ್ತಿಲ್ಲದೆ ಗರ್ಭ ನಿಂತಿದ್ದರೂ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ಅದೇ ವಾರ ವೈದ್ಯರಲ್ಲಿಗೆ ಹೋಗಬೇಕು. ಸೈಕೋಸಿಸ್‌ಗೆ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವನ್ನು ಗರ್ಭದಲ್ಲೂ ಮುಂದುವರಿಸಬಹುದು. ಅವುಗಳಲ್ಲೊಂದಾದ ಓಲಾಂಜಪಿನ್ ತೆಗೆದುಕೊಳ್ಳುವವರು ಸಕ್ಕರೆ ಪರೀಕ್ಷೆ ತಪ್ಪಿಸಬಾರದು, ಅಷ್ಟೇ.

ನಮ್ಮಲ್ಲಿ ನಿಜವಾಗಿ ಎಡವಟ್ಟಾಗುವುದು ಸೀಮಂತದ ನಂತರ. ಏಳನೇ ತಿಂಗಳಿಗೆ ಹುಡುಗಿ ತವರಿಗೆ ಹೋಗುತ್ತಾಳೆ. ವೈದ್ಯರ ಚೀಟಿ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಇಲ್ಲವೇ ಕಾಯಿಲೆ ಗಂಡನ ಮನೆಯವರಿಗೆ ಗೊತ್ತೇ ಇರುವುದಿಲ್ಲ, ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದ ಮಾತ್ರೆ ಸದ್ದಿಲ್ಲದೆ ಮುಗಿದಿರುತ್ತದೆ. ಅವಳ ಹೆಸರು ಒಂದೂರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ, ಅವಳು ಇನ್ನೊಂದೂರಿನಲ್ಲಿ. ಬಳೆ, ಸೀರೆ, ಬುತ್ತಿಯ ಜೊತೆ ಆ ದಿನ ಹೋಗಬೇಕಾದ್ದು ಇನ್ನೂ ಕೆಲವಿವೆ: ಹಳೆಯ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್, ಎರಡು ತಿಂಗಳ ಮಾತ್ರೆ, ಮನೋವೈದ್ಯರು ಹೆರಿಗೆ ವೈದ್ಯರಿಗೆ ಬರೆದ ನಾಲ್ಕು ಸಾಲಿನ ಪತ್ರ, ತವರಿನ ಆಶಾಳ ಫೋನ್ ನಂಬರ್.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ತವರಿನಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವುದು, ಬಿಸಿನೀರು ಹುಯ್ದು ಹೊದಿಸಿ ಬೆವರಿಸುವುದು, ಸಾಂಬ್ರಾಣಿ ಹೊಗೆಯ ಮುಚ್ಚಿದ ಕೋಣೆಯಲ್ಲಿ ಮಲಗಿಸುವುದು ಇವೆಲ್ಲ ಹಲವು ಮನೆಗಳಲ್ಲಿ ಇನ್ನೂ ನಡೆಯುತ್ತವೆ. ಗರ್ಭಿಣಿಯಾಗಿದ್ದಾಗ ಲಿಥಿಯಂ ಮೂತ್ರದಲ್ಲಿ ಬೇಗ ಹೋಗುವುದರಿಂದ ಪ್ರಮಾಣ ಏರಿಸಿರುತ್ತಾರೆ. ಹೆರಿಗೆಯಾದೊಡನೆ ದೇಹ ಮೊದಲಿನಂತಾಗುತ್ತದೆ, ಪ್ರಮಾಣ ಇಳಿಸಬೇಕು. ಇಳಿಸದೆ, ಮೇಲೆ ನೀರನ್ನೂ ಕೊಡದಿದ್ದರೆ ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರುತ್ತದೆ. ಕೈ ದಪ್ಪಗೆ ನಡುಗುವುದು, ವಾಂತಿ-ಭೇದಿ, ತೊದಲು, ತೂರಾಡುವ ನಡಿಗೆ ಅದರ ಗುರುತು. ‘ಬಾಣಂತಿಗೆ ಶೀತವಾಯಿತು’ ಎಂದು ಕಷಾಯ ಕುಡಿಸುತ್ತ ಕೂರಬಾರದು. ನೀರು ಕೊಡದಿರುವುದು ಮಾತ್ರೆ ತೆಗೆದುಕೊಳ್ಳದ ಬಾಣಂತಿಗೂ ಕೆಟ್ಟದ್ದೇ. ಬಾಣಂತನದಲ್ಲಿ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದಕ್ಕೆ ಅದೂ ಒಂದು ಕಾರಣ.

ಬಾಣಂತಿ ಸನ್ನಿ ಎಂದು ಅಜ್ಜಿಯರು ಕರೆಯುವ, ಹೆರಿಗೆಯ ನಂತರದ ಸೈಕೋಸಿಸ್ ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಬೈಪೋಲಾರ್ ಇದ್ದವರಲ್ಲಿ ಹೆಚ್ಚೂಕಡಿಮೆ ಐವರಲ್ಲಿ ಒಬ್ಬರಿಗೆ. ಮೊದಲ ಸುಳಿವು ನಿದ್ದೆ. ಮಗು ಮಲಗಿದರೂ ತಾಯಿ ಎರಡು-ಮೂರು ರಾತ್ರಿ ಕಣ್ಣು ಮುಚ್ಚುವುದಿಲ್ಲ. ಆಮೇಲೆ ಮಾತು ಹೆಚ್ಚುವುದು, ಗೊಂದಲ, ಸಂಶಯ. ತಾಯಿತ ಕಟ್ಟಿಸಿ ಬರುವ ಮೂರು ದಿನಗಳಲ್ಲಿ ಅದು ಕೈಮೀರುತ್ತದೆ. ಜ್ವರ, ವಿಪರೀತ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಜೊತೆಗಿದ್ದರೆ ಅದು ಸೋಂಕೋ ಮೆದುಳಿನ ಹೆಪ್ಪೋ ಆಗಿರಬಹುದು, ನೇರ ದೊಡ್ಡಾಸ್ಪತ್ರೆಗೇ ಹೋಗಬೇಕು. ‘ಇದು ನನ್ನ ಮಗುವೇ ಅಲ್ಲ, ಬದಲಾಯಿಸಿದ್ದಾರೆ’, ‘ಇದರೊಳಗೆ ದೇವರಿದ್ದಾನೆ’, ‘ನಾವಿಬ್ಬರೂ ಹೋಗಿಬಿಡುತ್ತೇವೆ’ ಎಂಬ ಮಾತು ಬಂದರೆ ಮಗುವಿನೊಂದಿಗೆ ತಾಯಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಬಚ್ಚಲಿಗೂ ಬಾವಿಕಟ್ಟೆಗೂ ಜೊತೆಗೊಬ್ಬರು ಇರಲಿ. ಬೈಯುವುದರಿಂದಾಗಲಿ ವಾದದಿಂದಾಗಲಿ ಆ ನಂಬಿಕೆ ಹೋಗುವುದಿಲ್ಲ. ಚಿಕಿತ್ಸೆ ಸಿಕ್ಕರೆ ಬಹುಪಾಲು ಬಾಣಂತಿಯರು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ತಡೆಯುವ ಉಪಾಯವೂ ನಿದ್ದೆಯಲ್ಲೇ ಇದೆ. ಅಪಾಯ ಇರುವ ಬಾಣಂತಿಗೆ ರಾತ್ರಿ ಒಂದೇ ಸಮನೆ ಐದಾರು ಗಂಟೆ ನಿದ್ದೆ ಸಿಗಬೇಕು. ಹತ್ತಕ್ಕೆ ಹಾಲು ಕುಡಿಸಿ ತಾಯಿ ಮಲಗಲಿ. ಒಂದು-ಎರಡು ಗಂಟೆಯ ಹಾಲನ್ನು ಅಜ್ಜಿಯೋ ಗಂಡನೋ ಒಳಲೆಯಲ್ಲಿ ಕುಡಿಸಲಿ. ತೊಳೆದು ಕುದಿಸಿದ ಮುಚ್ಚಳದ ಸ್ಟೀಲ್ ಬಟ್ಟಲಲ್ಲಿ ಹಿಂಡಿಟ್ಟ ಎದೆಹಾಲು ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಹೆಚ್ಚಿನ ಮಾತ್ರೆಗಳು ಹಾಲಿಗೆ ಬರುವುದು ಅತ್ಯಲ್ಪ. ಸೈಕೋಸಿಸ್‌ಗೆ ಕೊಡುವ ಕ್ಲೋಜಪಿನ್ ಇದ್ದರೆ ಎದೆಹಾಲು ಬೇಡ, ಲಿಥಿಯಂ ಇದ್ದರೂ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ಬೇರೆ ಮಾತ್ರೆ ತೆಗೆದುಕೊಳ್ಳುವವರು ಮಗು ತೂಕಡಿಸುತ್ತಲೇ ಇದೆಯೇ, ಹಾಲು ಚೀಪುವುದು ಕಡಿಮೆಯಾಯಿತೇ ಎಂದು ಗಮನಿಸಿದರೆ ಸಾಕು. ಮಾತ್ರೆಯ ಮಂಪರಿನಲ್ಲಿರುವ ತಾಯಿಯ ಮಗ್ಗುಲಲ್ಲಿ ಮಾತ್ರ ಮಗುವನ್ನು ಮಲಗಿಸಬಾರದು. ಪಕ್ಕದಲ್ಲೇ ತೊಟ್ಟಿಲಿರಲಿ.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮಗುವನ್ನು ಕಿತ್ತುಕೊಂಡು ಹೋಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಸ್ಪಷ್ಟವಾಗಿದೆ. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಒಳರೋಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರಿಗೆ ಅನಿಸಿದರೆ ತಾತ್ಕಾಲಿಕವಾಗಿ ಬೇರ್ಪಡಿಸಬಹುದು. ಆಗಲೂ ಸಿಬ್ಬಂದಿಯ ಅಥವಾ ಮನೆಯವರ ಎದುರಿನಲ್ಲಿ ತಾಯಿಗೆ ಮಗುವಿನ ಭೇಟಿ ಸಿಗಬೇಕು, 15 ದಿನಕ್ಕೊಮ್ಮೆ ತೀರ್ಮಾನ ಮರುಪರಿಶೀಲನೆ ಆಗಬೇಕು, ಸತತ 30 ದಿನ ಮೀರಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗಿರುವ ವಾರ್ಡ್ 2009ರಿಂದ ಇದೆ. ಮನೆಯವರೊಬ್ಬರು ಜೊತೆಗಿರುತ್ತಾರೆ. ಇಂಥ ವಾರ್ಡ್ ಜಿಲ್ಲೆಗೊಂದು ಏಕಿಲ್ಲ ಎಂಬುದು ನಿಮ್ಮ ವರದಿಗಾರರು ಕೇಳಬಹುದಾದ ಪ್ರಶ್ನೆ.

ಮನೆಗೆ ಬಂದ ಮೇಲಿನ ಕಥೆ ಯಾರ ಕಣ್ಣಿಗೂ ಬೀಳದ್ದು. ಕಾಯಿಲೆಯ ಮಂಕು, ಕೆಲವು ಮಾತ್ರೆಗಳಿಂದ ಬರುವ ಮೈ-ಮುಖದ ಬಿಗಿತ ಎರಡೂ ಸೇರಿ ತಾಯಿಯ ಮುಖದಲ್ಲಿ ಭಾವವೇ ಆಡದಂತಾಗುತ್ತದೆ. ಮಗು ನಗುತ್ತದೆ, ಉತ್ತರ ಬರುವುದಿಲ್ಲ. ಕೆಲವು ದಿನ ನೋಡಿ ಮಗುವೂ ಸುಮ್ಮನಾಗುತ್ತದೆ. ಬಿಗಿತ ಇದ್ದರೆ ವೈದ್ಯರಿಗೆ ಹೇಳಿ, ಮಾತ್ರೆ ಹೊಂದಿಸಿದರೆ ಇಳಿಯುತ್ತದೆ. ತಾಯಿಗೆ ಹೀಗೆ ತೋರಿಸಿಕೊಡಬಹುದು: ಹಾಲು ಕುಡಿದು ಎಚ್ಚರವಾಗಿರುವ ಮಗುವನ್ನು ಒಂದು ಗೇಣು ದೂರದಲ್ಲಿ ಮುಖಕ್ಕೆ ಮುಖ ಹಿಡಿ, ಮಗು ‘ಊಂ’ ಎಂದರೆ ನೀನೂ ‘ಊಂ’ ಎನ್ನು, ಸುಮ್ಮನೆ ಕಾಯಿ, ಅದು ಮುಖ ತಿರುಗಿಸಿದರೆ ಬಿಡು. ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಅವಳಿಗೆ ಆಗದ ದಿನ ಅದನ್ನು ಮನೆಯಲ್ಲಿ ಇನ್ನೊಬ್ಬರು ಮಾಡಬೇಕು, ಮೊಬೈಲ್ ಅಲ್ಲ. ಎರಡು ತಿಂಗಳಿಗೆ ನೋಡಿ ನಗು, ವರ್ಷಕ್ಕೆ ಒಂದೆರಡು ಪದ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದದ ಮಾತು ಬರದಿದ್ದರೆ ‘ಅವರಪ್ಪನೂ ತಡವಾಗಿ ಮಾತಾಡಿದ’ ಎಂದು ತೇಲಿಸದೆ ಅಂಗನವಾಡಿಯವರಿಗೆ ಹೇಳಿ.

ಶಾಲೆಗೆ ಹೋಗುವ ಮಗುವಿಗೆ ಸತ್ಯ ಹೇಳಬೇಕು, ಅದರ ಅಳತೆಯಲ್ಲಿ. ‘ಅಮ್ಮನಿಗೆ ಒಂದು ಕಾಯಿಲೆ ಇದೆ. ನಿನ್ನಿಂದ ಬಂದದ್ದಲ್ಲ. ಮಾತ್ರೆ ತಗೊಂಡರೆ ಕಡಿಮೆ ಆಗುತ್ತೆ. ಹೆದರಿಕೆ ಆದರೆ ಪಕ್ಕದ ಮನೆ ಅಜ್ಜಿ ಹತ್ತಿರ ಓಡಿಹೋಗು.’ ಆರು ವರ್ಷದ ಮಗುವಿಗೆ ಇಷ್ಟು ಸಾಕು. ಹೇಳದಿದ್ದರೆ ತಾನೇ ಏನೋ ತಪ್ಪು ಮಾಡಿದೆ ಎಂದು ಅದು ಲೆಕ್ಕ ಹಾಕುತ್ತದೆ. ಹತ್ತು ವರ್ಷದ ಹುಡುಗಿಯ ಕೈಗೆ ಅಮ್ಮನ ಮಾತ್ರೆ ಡಬ್ಬಿ ಕೊಟ್ಟು ‘ನುಂಗಿದಳಾ ನೋಡು’ ಎನ್ನುವುದು ತಪ್ಪು, ಅಮ್ಮ ನುಂಗದ ದಿನ ಆ ಹೊರೆ ಅವಳ ಎದೆಯ ಮೇಲೆ ಕೂರುತ್ತದೆ. ತಿಂಗಳಿಗೊಂದು ದಿನ ತಪ್ಪದೆ ಗೈರಾಗುವ ಮಗುವನ್ನು ಗಮನಿಸಿ ಎಂದು ಮೇಷ್ಟ್ರುಗಳಿಗೆ ನಮ್ಮ ಕೋರಿಕೆ, ಬಹುಶಃ ಅದು ಅಮ್ಮನ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಂತಿದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರಲೆಂದು ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ತಂದದ್ದು ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ತಪ್ಪಲೆಂದೇ. ಜೊತೆಗೆ ಹೋಗುವವರು ದೊಡ್ಡವರಾಗಿರಲಿ.

ಹದಿನೈದರಿಂದ ಇಪ್ಪತ್ತೈದರವರೆಗಿನ ವಯಸ್ಸಿನಲ್ಲಿ ನೋಡಬೇಕಾದ್ದು ಒಂದು ದಿನದ ಸಿಟ್ಟನ್ನಲ್ಲ. ವಾರಗಟ್ಟಲೆ ರಾತ್ರಿ ಎಚ್ಚರ-ಹಗಲು ನಿದ್ದೆ, ಸ್ನಾನ ಬಿಡುವುದು, ಗೆಳೆಯರನ್ನು ಬಿಡುವುದು, ಚೆನ್ನಾಗಿ ಓದುತ್ತಿದ್ದವರ ಅಂಕ ಒಂದೇ ಸೆಮಿಸ್ಟರಿನಲ್ಲಿ ಕುಸಿಯುವುದು, ‘ಹಾಸ್ಟೆಲಿನವರು ನನ್ನ ಬಗ್ಗೆಯೇ ಮಾತಾಡುತ್ತಾರೆ’ ಎಂಬ ಗುಮಾನಿ. ಇವು ಕಂಡ ತಕ್ಷಣ ‘ಅಮ್ಮನ ಹಾಗೇ ಆದ’ ಎಂದು ಹಣೆಪಟ್ಟಿ ಹಚ್ಚಬೇಡಿ, ಇಂಥವರಲ್ಲಿ ಬಹುಪಾಲು ಮಂದಿ ಸೈಕೋಸಿಸ್‌ವರೆಗೆ ಹೋಗುವುದೇ ಇಲ್ಲ. ಮುಂಜಾಗ್ರತೆಗೆಂದು ಅಮ್ಮನ ಮಾತ್ರೆ ಅರ್ಧ ಮುರಿದು ಕೊಡುವುದಂತೂ ಕೂಡದು. ಆದರೆ ತೋರಿಸಲು ತಡ ಮಾಡಬಾರದು. ಗಾಂಜಾ ಎಲ್ಲ ಹುಡುಗರಿಗೂ ಕೆಟ್ಟದ್ದು, ಈ ಮನೆಯ ಹುಡುಗರಿಗೆ ಅದು ಬೆಂಕಿಗೆ ಸೀಮೆಎಣ್ಣೆ. ಮನೆಯವರಿಗೆ ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಹಣದ ಮಾತು ಚಿಕ್ಕದು, ಆದರೆ ಗೊತ್ತಿರುವವರು ಕಡಿಮೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕಾಯಿಲೆಯಿಂದ ಮಕ್ಕಳನ್ನು ನೋಡಿಕೊಳ್ಳಲಾಗದ ತಂದೆ-ತಾಯಿಯ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕಾಯಿಲೆಯಿಂದ ತಾಯಿಗೆ ಬಂದ ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಅವಳಿಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬೇರೆ ಇದೆ.

ಕೊನೆಗೆ ಆರೋಗ್ಯ ಇಲಾಖೆಗೆ ನಿಮ್ಮ ಮೂಲಕ ಒಂದು ಬೇಡಿಕೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾಳೆ. ಬಾಣಂತಿ ಸನ್ನಿ ಕಾಣಿಸಿಕೊಳ್ಳುವ ದಿನಗಳು ಇದರೊಳಗೇ ಬರುತ್ತವೆ. ಮಗುವಿನ ತೂಕ, ಜ್ವರ ನೋಡುವಾಗ ‘ಮಗು ಮಲಗಿದಾಗ ನಿನಗೂ ನಿದ್ದೆ ಬರುತ್ತಾ?’ ಎಂಬ ಒಂದು ಪ್ರಶ್ನೆ ಸೇರಿಸಲಿ, ಅತ್ತೆಯನ್ನಲ್ಲ, ಬಾಣಂತಿಯನ್ನೇ ಕೇಳಲಿ. ಹಿಂದೆ ಸೈಕೋಸಿಸ್ ಆಗಿದ್ದವರ ತಾಯಿ ಕಾರ್ಡಿನಲ್ಲಿ ಅದರ ಗುರುತೂ ಇರಲಿ. ಕಾಯಿಲೆಯ ಹೆಸರು ಬರೆಯುವುದು ಬೇಡ, ಆ ಕಾರ್ಡು ಮನೆಮಂದಿಯ ಕೈಯಲ್ಲೆಲ್ಲ ಓಡಾಡುತ್ತದೆ. ಆರೋಗ್ಯ ಸಹಾಯಕಿಗೂ ಹೆರಿಗೆ ವೈದ್ಯರಿಗೂ ಮಾತ್ರ ಅರ್ಥವಾಗುವ ಒಂದು ಸಂಕೇತಾಕ್ಷರ ಸಾಕು.

ಇತಿ,
ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿರುವ ಇಬ್ಬರು ಓದುಗರು